ಇಂಗ್ಲೆಂಡಿನಲ್ಲಿ ಮುಚ್ಚುತ್ತಿರುವ ಹಳೇ ಪಬ್ ಲೀಸಿಗೆ ಹಿಡಿದು ದೋಸೆ, ಬಿರಿಯಾನಿ ಶುರು ಮಾಡಿದರೆ ನಡೆಯುತ್ತಾ ಅಂತ ಕೇಳಿದ್ದೀರಿ.

ದೋಸೆ ನಡೆಯುತ್ತೆ. ಲೀಸ್ ನಡೆಯಲ್ಲ.

2014ರಲ್ಲಿ ನನ್ನದೂ ಇದೇ ಲೆಕ್ಕ. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್, ವೆಸ್ಟ್ ಬ್ರಾಮಿಚ್ ಕಡೆ ಪಂಜಾಬಿಗಳು ಹಳೇ ಪಬ್‌ಗಳನ್ನು ಹಿಡಿದು, ಮಿಕ್ಸ್ಡ್ ಗ್ರಿಲ್ (ಬಗೆಬಗೆಯ ಸುಟ್ಟ ಮಾಂಸದ ತಟ್ಟೆ) ಇಟ್ಟು ಜನ ತುಂಬಿಸುತ್ತಿದ್ದರು. ನಮ್ಮ ದೋಸೆಗೇನು ಕಡಿಮೆ ಅಂತ ಬರ್ಮಿಂಗ್‌ಹ್ಯಾಮ್ ಪಕ್ಕದ ಇನ್ನೊಂದು ಊರಿನಲ್ಲಿ 10 ವರ್ಷದ ಲೀಸಿಗೆ ಸಹಿ ಹಾಕಿದೆ. ಬಾಡಿಗೆ ತೀರಾ ಕಡಿಮೆ. ಯಾಕೆ ಕಡಿಮೆ ಅಂತ ಕೇಳಲಿಲ್ಲ ನೋಡಿ.

ಕರಾರಿನಲ್ಲಿ 'ಫುಲ್ ರಿಪೇರಿಂಗ್ ಅಂಡ್ ಇನ್ಶೂರಿಂಗ್' ಅಂತ ಒಂದು ಸಾಲಿತ್ತು. ಸುಣ್ಣಬಣ್ಣ, ಮುರಿದ ಕುರ್ಚಿ ನನ್ನ ಖರ್ಚು ಅಂದುಕೊಂಡೆ. ಅಷ್ಟೇ ಅಲ್ಲ. ಚಾವಣಿ, ಚಿಮಣಿ, ಹೊರಗೋಡೆ, ಚರಂಡಿ ಪೈಪು ಎಲ್ಲವೂ ಬಾಡಿಗೆಗೆ ಹಿಡಿದವನ ತಲೆಗೆ. ಸಹಿ ಹಾಕುವ ಮೊದಲೇ ಹಾಳಾಗಿದ್ದದ್ದೂ ಸೇರಿ! ಊರಲ್ಲಿ ಮನೆ ಸೋರಿದರೆ ಮಾಲೀಕರಿಗೆ ಫೋನ್ ಮಾಡುತ್ತೇವೆ, ಅಲ್ವಾ? ಆ ಅಭ್ಯಾಸದಲ್ಲೇ ಇದ್ದೆ. ಕಟ್ಟಡ ಪರೀಕ್ಷಿಸುವ ಸರ್ವೇಯರ್ ಬಂದು ಒಂದೊಂದು ಬಿರುಕಿನ ಫೋಟೋ ತೆಗೆದು ಕರಾರಿಗೆ ಲಗತ್ತಿಸಿದ್ದರೆ, ಕೈಗೆ ಬಂದಾಗ ಕಟ್ಟಡ ಹೇಗಿತ್ತೋ ಅಷ್ಟಕ್ಕೇ ನನ್ನ ಹೊಣೆ ಅಂತ ಬರೆಸಬಹುದಿತ್ತು. ಅವನು 900 ಪೌಂಡ್ ಕೇಳಿದ. ಆ ದುಡ್ಡಲ್ಲಿ ನಾನು ದೋಸೆ ಕಾವಲಿ ತಂದೆ.

ಮೊದಲ ನವೆಂಬರ್‌ನಲ್ಲೇ ಡಾರ್ಟ್ ಬೋರ್ಡ್ ಪಕ್ಕ ನೀರು ತೊಟ್ಟಿಕ್ಕಿತು. ಗಾಬರಿಯಲ್ಲಿ ಹಿಟ್ಟಿನ ಪಾತ್ರೆ ತಂದು ಕೆಳಗಿಟ್ಟೆ. ಡಾಮಿನೋ ಆಡುತ್ತಿದ್ದ ಮುದುಕರು ಮಾತಿಲ್ಲದೆ ಟೇಬಲ್ ಎರಡಡಿ ಸರಿಸಿಕೊಂಡು ಆಟ ಮುಂದುವರಿಸಿದರು. ಆ ಸೋರಿಕೆ ಅವರಿಗೆ ಹಳೇ ಪರಿಚಯ. ನನಗೆ 18 ಸಾವಿರ ಪೌಂಡ್.

ಬಿಯರೂ ಮಾಲೀಕ ಕಂಪನಿ ಹೇಳಿದ ಕಡೆಯೇ, ಹೊರಗಿಗಿಂತ ಜಾಸ್ತಿ ಬೆಲೆಗೆ ಕೊಳ್ಳಬೇಕಿತ್ತು. 2016ರಲ್ಲಿ ಇಂಥ ಬಾಡಿಗೆದಾರರ ರಕ್ಷಣೆಗೆ ಪಬ್ಸ್ ಕೋಡ್ ಅಂತ ಸರ್ಕಾರಿ ನಿಯಮ ಬಂತು. ಅದು ಇಂಥ ಪಬ್ 500 ಅಥವಾ ಅದಕ್ಕಿಂತ ಹೆಚ್ಚು ಇರುವ ಕಂಪನಿಗಳಿಗೆ ಮಾತ್ರ. ನನ್ನ ಮಾಲೀಕರದು ಸಣ್ಣ ಕಂಪನಿ.

2007ರ ಧೂಮಪಾನ ನಿಷೇಧ, ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಿಯರ್‌ನಿಂದ ಜನ ಬರೋದು ಬಿಟ್ಟರು, ರುಚಿಯಾದ ಊಟ ಕೊಟ್ಟರೆ ವಾಪಸ್ ಬರ್ತಾರೆ ಅಂತ ಬರೆದಿದ್ದೀರಿ. ಬರ್ತಾರೆ. ನನ್ನಲ್ಲಿ ಶುಕ್ರವಾರ ನಿಲ್ಲೋಕೂ ಜಾಗ ಇರುತ್ತಿರಲಿಲ್ಲ. ಹಾಗಿದ್ದೂ 2017ರಲ್ಲಿ ಬೀಗದ ಕೈ ಒಪ್ಪಿಸಿ ಬಂದೆ.

ನಿಮ್ಮೂರಲ್ಲಿ ವರ್ಕಿಂಗ್ ಮೆನ್ಸ್ ಕ್ಲಬ್ ಇದ್ದರೆ ಅಲ್ಲಿ ವಿಚಾರಿಸಿ. ಸದಸ್ಯರೇ ಸೇರಿ ನಡೆಸುವ ಜಾಗ ಅದು. (ಒಂದು ಕಾಲಕ್ಕೆ ನಮ್ಮಂಥವರನ್ನು ಬಣ್ಣ ನೋಡಿ ಹೊರಗಿಡುತ್ತಿದ್ದ ಕ್ಲಬ್‌ಗಳೂ ಇದ್ದವು. ಪ್ರೆಸ್ಟನ್‌ನ ಡಾಕರ್ಸ್ ಕ್ಲಬ್ ಕೇಸಿನಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1974ರಲ್ಲಿ ಕ್ಲಬ್ ಪರವಾಗಿಯೇ ತೀರ್ಪು ಕೊಟ್ಟಿತ್ತು. 1976ರ ಜನಾಂಗ ಸಂಬಂಧ ಕಾಯ್ದೆ ಬಂದ ಮೇಲೆ ಅದಕ್ಕೆ ಕಾನೂನಿನ ತಡೆ ಬಿತ್ತು.) ಈಗ ಎಷ್ಟೋ ಕ್ಲಬ್‌ಗಳಲ್ಲಿ ಅಡುಗೆಮನೆ ಸುಮ್ನೆ ಬಿದ್ದಿರುತ್ತದೆ.

ನಾನು ಶುಕ್ರವಾರ ಸಂಜೆ ಅಂಥ ಒಂದು ಅಡುಗೆಮನೆಯಲ್ಲಿ ದೋಸೆ ಹಾಕುತ್ತೇನೆ. ಅದೇ ಕಾವಲಿ. ಹೋದ ತಿಂಗಳು ಅಲ್ಲೂ ಚಾವಣಿ ಸೋರಿತು. ಕಮಿಟಿಯವರು ಮೀಟಿಂಗ್ ಕರೆದರು. ನಾನು ಪಾತ್ರೆ ತೊಳೆದಿಟ್ಟು ಮನೆಗೆ ಹೋದೆ.