ಎಚ್. ಪೈಲೋರಿ ಪಾಸಿಟಿವ್ ಬಂದರೆ ಹೊಟ್ಟೆಯ ಕ್ಯಾನ್ಸರ್ ಬಂದೇ ಬರುತ್ತದೆಯೇ?

ನೀವು ಕೇಳಿರುವುದು ಇಷ್ಟು: ವಯಸ್ಸು 38, ಎಂಡೋಸ್ಕೋಪಿಯಲ್ಲಿ ಎಚ್. ಪೈಲೋರಿ (ಜಠರದಲ್ಲಿ ನೆಲೆಸುವ ಒಂದು ಬ್ಯಾಕ್ಟೀರಿಯಾ) ಪಾಸಿಟಿವ್ ಬಂದಿದೆ, ತಂದೆಯವರು ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದಾರೆ. ಡಾಕ್ಟರು 14 ದಿನದ ಆಂಟಿಬಯಾಟಿಕ್ ಬರೆದುಕೊಟ್ಟಿದ್ದಾರೆ. ಅದರ ಬದಲು ಮೊಸರು, ಮಜ್ಜಿಗೆ, ಪ್ರೊಬಯಾಟಿಕ್‌ನಲ್ಲೇ ಇದನ್ನು ಓಡಿಸಬಹುದಾ ಅಂತ ಕೇಳಿದ್ದೀರಿ.

ಕೊನೆಯದಕ್ಕೇ ಮೊದಲು ಉತ್ತರ ಕೊಡುತ್ತೇನೆ. ಆಗುವುದಿಲ್ಲ. ಪ್ರೊಬಯಾಟಿಕ್ ಜೊತೆಗಿದ್ದರೆ ಆಂಟಿಬಯಾಟಿಕ್‌ನಿಂದಾಗುವ ಭೇದಿ, ಹೊಟ್ಟೆ ತೊಳಸುವುದು ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. ಮಜ್ಜಿಗೆ ಕುಡಿಯಿರಿ, ಮಾತ್ರೆಯನ್ನೂ ನುಂಗಿ. ಆದರೆ ಬರೆದುಕೊಟ್ಟ ಆಂಟಿಬಯಾಟಿಕ್‌ಗಳಲ್ಲಿ ಟೆಟ್ರಾಸೈಕ್ಲಿನ್ ಇದ್ದರೆ ಎರಡೂ ಒಟ್ಟಿಗೆ ಬೇಡ, ಹಾಲು-ಮೊಸರಿನ ಜೊತೆ ಆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಡುವೆ ಒಂದೆರಡು ಗಂಟೆ ಬಿಡಿ.

ನಾನು ಪೆಥಾಲಜಿಸ್ಟ್. ಎಂಡೋಸ್ಕೋಪಿ ಮಾಡುವವರು ಜಠರದಿಂದ ಚಿವುಟಿ ತೆಗೆದ ಎರಡು-ಮೂರು ಮಿಲಿಮೀಟರಿನ ತುಣುಕನ್ನು (ಬಯಾಪ್ಸಿ) ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ರೋಗಿಗಳ ಮುಖ ನಮಗೆ ಕಾಣುವುದು ಅಪರೂಪ, ಈ ಬ್ಯಾಕ್ಟೀರಿಯಾದ ಪರಿಚಯ ಮಾತ್ರ ಚೆನ್ನಾಗಿದೆ. ಗೀಮ್ಸಾ ಬಣ್ಣ ಹಾಕಿದರೆ ಜಠರದ ಲೋಳೆಯಲ್ಲಿ ನೀಲಿ ಅಲ್ಪವಿರಾಮಗಳ ಹಾಗೆ ಚೆಲ್ಲಿಕೊಂಡಿರುತ್ತದೆ.

ಜಠರದ ಆಮ್ಲದಲ್ಲಿ ಯಾವ ಜೀವಿಯೂ ನೆಲೆ ನಿಲ್ಲುವುದಿಲ್ಲ ಎಂದೇ ಬಹಳ ಕಾಲ ನಂಬಲಾಗಿತ್ತು. ಆದರೆ ಎಚ್. ಪೈಲೋರಿ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು, ಸುತ್ತಲಿನ ಆಮ್ಲವನ್ನು ತಣಿಸಿ, ಲೋಳೆಯೊಳಗೆ ಕೊರೆದುಕೊಂಡು ಹೋಗಿ ಕೂರುತ್ತದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ 1979ರಲ್ಲಿ ಇದನ್ನು ಬಯಾಪ್ಸಿಯಲ್ಲಿ ಗಮನಿಸಿದರು (ಅವರೂ ಪೆಥಾಲಜಿಸ್ಟ್ ಎಂದು ಹೇಳಿಕೊಳ್ಳುವ ಆಸೆ ತಡೆಯಲಾಗುತ್ತಿಲ್ಲ). ಬ್ಯಾರಿ ಮಾರ್ಷಲ್ ಜೊತೆ ಸೇರಿ 1982ರಲ್ಲಿ ಅದನ್ನು ಬೆಳೆಸಿದರು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದ ಕಥೆ ನೀವು ಕೇಳಿರಬಹುದು. ಅವರಿಗೆ ಬಂದದ್ದು ಜಠರದ ಉರಿಯೂತ. ಅಲ್ಸರ್ ಬಂತು, ಕ್ಯಾನ್ಸರ್ ಬಂತು ಎಂದೆಲ್ಲ ವಾಟ್ಸಾಪ್‌ನಲ್ಲಿ ಸುತ್ತುವುದು ಒಗ್ಗರಣೆ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈಗ ಕ್ಯಾನ್ಸರ್ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಎಚ್. ಪೈಲೋರಿಯನ್ನು ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಇಷ್ಟು ಓದಿಯೇ ಜನ ನಿದ್ದೆಗೆಡುತ್ತಾರೆ. ಆದರೆ ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅಪಾಯದ ಅಳತೆ ಬೇಕಿದ್ದರೆ 2001ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನ ನೋಡಿ. 1,526 ರೋಗಿಗಳನ್ನು ಸರಾಸರಿ 7.8 ವರ್ಷ ಹಿಂಬಾಲಿಸಿದರು. ಸೋಂಕಿದ್ದ 1,246 ಜನರಲ್ಲಿ 36 ಮಂದಿಗೆ, ಅಂದರೆ ಶೇ. 2.9ರಷ್ಟು ಜನರಿಗೆ, ಹೊಟ್ಟೆಯ ಕ್ಯಾನ್ಸರ್ ಬಂತು. ಸೋಂಕಿಲ್ಲದ 280 ಜನರಲ್ಲಿ ಒಬ್ಬರಿಗೂ ಬರಲಿಲ್ಲ. ಸೋಂಕಿದ್ದವರಲ್ಲಿ ನೂರಕ್ಕೆ 97 ಜನರಿಗೆ ಆ ಅವಧಿಯಲ್ಲಿ ಕ್ಯಾನ್ಸರ್ ಬರಲಿಲ್ಲ ಎಂಬುದನ್ನೂ ಇದರಲ್ಲೇ ಓದಿಕೊಳ್ಳಬೇಕು. ಡಿಯೋಡಿನಲ್ ಅಲ್ಸರ್ (ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು) ಇದ್ದವರ ಗುಂಪಿನಲ್ಲಂತೂ ಒಬ್ಬರಿಗೂ ಕ್ಯಾನ್ಸರ್ ಕಾಣಲಿಲ್ಲ. ಅಂಥವರಲ್ಲಿ ಆಮ್ಲ ಹೆಚ್ಚಿರುತ್ತದೆ. ಕ್ಯಾನ್ಸರಿನ ದಾರಿ ಆಮ್ಲ ಬತ್ತುವ ಕಡೆಗೆ ಹೋಗುತ್ತದೆ.

ಆ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಗುರುತಿಸಿದವರು ಕೊಲಂಬಿಯಾ ಮೂಲದ ಪೆಲಾಯೊ ಕೊರಿಯಾ. ಮೊದಲು ವರ್ಷಗಟ್ಟಲೆ ಉರಿಯೂತ, ರಿಪೋರ್ಟಿನಲ್ಲಿ ಕ್ರಾನಿಕ್ ಗ್ಯಾಸ್ಟ್ರೈಟಿಸ್ ಎಂದಿರುತ್ತದೆ. ಆಮೇಲೆ ಆಮ್ಲ ಸುರಿಸುವ ಗ್ರಂಥಿಗಳು ನಶಿಸುತ್ತವೆ, ಅದು ಅಟ್ರೋಫಿ. ನಂತರ ಜಠರದ ಒಳಪದರ ಕರುಳಿನ ಪದರದ ರೂಪ ತಾಳುತ್ತದೆ, ಇಂಟೆಸ್ಟೈನಲ್ ಮೆಟಾಪ್ಲೇಸಿಯಾ. ಆಮೇಲೆ ಜೀವಕೋಶಗಳ ರೂಪವೇ ಕೆಡುತ್ತದೆ, ಅದು ಡಿಸ್ಪ್ಲೇಸಿಯಾ, ಕೊನೆಗೆ ಕ್ಯಾನ್ಸರ್. ಇದಕ್ಕೆಲ್ಲ ದಶಕಗಳೇ ಹಿಡಿಯುತ್ತವೆ, ಬಹುಪಾಲು ಜನ ಮೊದಲ ಮೆಟ್ಟಿಲಲ್ಲೇ ಉಳಿಯುತ್ತಾರೆ. ಹಾಗಾಗಿ ನಿಮ್ಮ ರಿಪೋರ್ಟಿನಲ್ಲಿ ನಾನು ಮೊದಲು ಹುಡುಕುವುದು ಪಾಸಿಟಿವ್ ಎಂಬ ಪದವನ್ನಲ್ಲ, ಅದರ ಕೆಳಗೆ ಅಟ್ರೋಫಿ, ಮೆಟಾಪ್ಲೇಸಿಯಾ ಇದೆಯೋ ಇಲ್ಲವೋ ಎಂಬುದನ್ನು. ನೀವು ಆ ಸಾಲನ್ನು ಬರೆದಿಲ್ಲ. ಬಯಾಪ್ಸಿ ತೆಗೆಯದೆ ಬರೀ ಯೂರಿಯೇಸ್ ಟೆಸ್ಟ್ ಮಾಡಿದ್ದರೆ ಅದು ಇರುವುದೂ ಇಲ್ಲ. ತಂದೆಯವರ ಹಿನ್ನೆಲೆ ಇರುವಾಗ ಇದನ್ನು ಡಾಕ್ಟರ ಹತ್ತಿರ ಕೇಳಲೇಬೇಕು.

ಮೆಟ್ಟಿಲು ಮುಂದೆ ಹೋದಷ್ಟೂ ಎಚ್. ಪೈಲೋರಿಗೂ ಆ ಜಾಗ ಒಗ್ಗುವುದಿಲ್ಲ. ಕ್ಯಾನ್ಸರ್ ಇರುವ ಜಠರದ ತುಣುಕಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗದೆ ಹೋಗುವುದುಂಟು, ಹಾಳು ಮಾಡಿ ಹೊರಟಿರುತ್ತದೆ. ಆಮ್ಲ ಬತ್ತಿದ ಆ ಜಾಗಕ್ಕೆ ಬಾಯಿಯ, ಕರುಳಿನ ಬೇರೆ ಬ್ಯಾಕ್ಟೀರಿಯಾಗಳು ಬಂದು ಸೇರುತ್ತವೆ. ಬಾಯಿಯಲ್ಲಿರುವ ಸ್ಟ್ರೆಪ್ಟೋಕಾಕಸ್ ಆಂಜಿನೋಸಸ್ ಇಲಿಗಳ ಜಠರದಲ್ಲಿ ಇದೇ ಬಗೆಯ ಹಾನಿ ಮಾಡಿದ್ದು 2024ರಲ್ಲಿ ವರದಿಯಾಯಿತು. ಕುತೂಹಲದ ವಿಷಯ ನಿಜ. ಆದರೆ ಇದನ್ನೇ ಹಿಡಿದುಕೊಂಡು ‘ಗಟ್ ಮೈಕ್ರೋಬಯೋಮ್ ಟೆಸ್ಟ್’ (ಹೊಟ್ಟೆ-ಕರುಳಿನ ಬ್ಯಾಕ್ಟೀರಿಯಾಗಳ ಪರೀಕ್ಷೆ) ಅಂತ ಸಾವಿರಾರು ರೂಪಾಯಿ ಕೇಳುವವರಿಗೆ ಇವತ್ತು ದುಡ್ಡು ಕೊಡಬೇಡಿ. ಅದರ ಫಲಿತಾಂಶದಿಂದ ನಿಮ್ಮ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ.

ಬ್ಯಾಕ್ಟೀರಿಯಾ ಒಂದೇ ಸಾಲದು ಎನ್ನುವುದಕ್ಕೆ ನಮ್ಮ ದೇಶವೇ ಸಾಕ್ಷಿ. ಭಾರತದಲ್ಲಿ ಈ ಸೋಂಕು ಸರ್ವೇಸಾಮಾನ್ಯ. ಹೆಚ್ಚಿನವರಿಗೆ ಬಾಲ್ಯದಲ್ಲೇ, ಮನೆಯವರಿಂದಲೇ ಅಂಟಿರುತ್ತದೆ. ಆದರೂ ಹೊಟ್ಟೆಯ ಕ್ಯಾನ್ಸರ್ ಜಪಾನ್, ಕೊರಿಯಾಗಳಿಗಿಂತ ತೀರಾ ಕಡಿಮೆ. ಅದೇ ಮಿಜೋರಾಂಗೆ ಹೋದರೆ ಲೆಕ್ಕ ಬೇರೆ. ದೇಶದಲ್ಲಿ ಈ ಕ್ಯಾನ್ಸರ್ ಅತಿ ಹೆಚ್ಚಿರುವ ಕಡೆಗಳಲ್ಲಿ ಅದೂ ಒಂದು. ಅಲ್ಲಿನ ಹೊಗೆಯಾಡಿಸಿದ ಮಾಂಸ, ಹುಳಿ ಬರಿಸಿದ ಹಂದಿ ಕೊಬ್ಬಿನ ‘ಸಾ-ಉಮ್’, ತಂಬಾಕಿನ ಹೊಗೆ ಹಾಯಿಸಿದ ನೀರು ‘ತುಯ್‌ಬುರ್’ ಇವುಗಳ ಕಡೆಗೆ ಸಂಶೋಧಕರು ಬೆರಳು ತೋರಿಸಿದ್ದಾರೆ. ಬ್ಯಾಕ್ಟೀರಿಯಾದ ತಳಿಯೂ ಮುಖ್ಯ. ಸಿಎಜಿಎ ಎಂಬ ಪ್ರೋಟೀನನ್ನು ಜೀವಕೋಶದೊಳಗೆ ಚುಚ್ಚುವ ತಳಿಗಳು ಹೆಚ್ಚು ಕೇಡು ಮಾಡುತ್ತವೆ. ಅತಿಯಾದ ಉಪ್ಪು, ಬೀಡಿ-ಸಿಗರೇಟು ಇದ್ದರೆ ಅಪಾಯ ಏರುತ್ತದೆ. ಸೇದುವ ಅಭ್ಯಾಸವಿದ್ದರೆ ಬಿಡಿ.

ನಿಮಗೆ ನೇರವಾಗಿ ಅನ್ವಯಿಸುವ ಅಧ್ಯಯನ ಕೊರಿಯಾದ್ದು, 2020ರಲ್ಲಿ ಬಂದದ್ದು. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಹೊಟ್ಟೆಯ ಕ್ಯಾನ್ಸರ್ ಕಂಡ, ಸೋಂಕೂ ಇದ್ದ 1,676 ಜನರಲ್ಲಿ ಅರ್ಧದಷ್ಟು ಮಂದಿಗೆ ಆಂಟಿಬಯಾಟಿಕ್, ಉಳಿದವರಿಗೆ ಸುಮ್ಮನೆ ತೋರಿಕೆಯ ಮಾತ್ರೆ ಕೊಟ್ಟರು. ಸುಮಾರು 9 ವರ್ಷಗಳಲ್ಲಿ ಔಷಧಿ ಪಡೆದವರಲ್ಲಿ ಶೇ. 1.2, ಪಡೆಯದವರಲ್ಲಿ ಶೇ. 2.7 ಮಂದಿಗೆ ಕ್ಯಾನ್ಸರ್ ಬಂತು. ಔಷಧಿ ಪಡೆದೂ ಕ್ಯಾನ್ಸರ್ ಬಂದ 10 ಜನರಲ್ಲಿ 5 ಮಂದಿಗೆ ಸೋಂಕು ಹೋಗಿರಲೇ ಇಲ್ಲ. ಸೋಂಕು ನಿಜವಾಗಿ ಹೋದವರನ್ನಷ್ಟೇ ಲೆಕ್ಕ ಹಾಕಿದರೆ ಶೇ. 0.8.

ನಮ್ಮಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಐದನೇ ದಿನಕ್ಕೆ ಹೊಟ್ಟೆ ಉರಿ ಕಡಿಮೆಯಾಯಿತು, ಬಾಯಿ ಕಹಿ ಅಂತ ಮಾತ್ರೆ ಬಿಡುತ್ತಾರೆ. ಭಾರತದಲ್ಲಿ ಮೆಟ್ರೋನಿಡಜೋಲ್, ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್‌ಗಳಿಗೆ ಬಗ್ಗದ ತಳಿಗಳು ಮೊದಲೇ ಬೇಕಾದಷ್ಟಿವೆ. ಅರ್ಧ ಕೋರ್ಸ್ ಎಂದರೆ ಅಂಥವನ್ನೇ ಉಳಿಸಿಕೊಂಡ ಹಾಗೆ. 14 ದಿನವೂ ಪೂರ್ತಿ ತೆಗೆದುಕೊಳ್ಳಿ. ಬರೆದುಕೊಟ್ಟ ಮಾತ್ರೆಗಳಲ್ಲಿ ಬಿಸ್ಮತ್ ಇದ್ದರೆ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಮಲ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋದರೆ ಅಥವಾ ತಲೆಸುತ್ತು ಬಂದರೆ ಅದು ರಕ್ತವಿರಬಹುದು, ತಡಮಾಡದೆ ತೋರಿಸಿ. ಮೆಟ್ರೋನಿಡಜೋಲ್ ಇದ್ದರೆ ಮದ್ಯ ಮುಟ್ಟಬೇಡಿ.

ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರವಾದ ಮೇಲೆ ಯೂರಿಯಾ ಬ್ರೆತ್ ಟೆಸ್ಟ್ (ಉಸಿರಿನ ಪರೀಕ್ಷೆ) ಅಥವಾ ಸ್ಟೂಲ್ ಆಂಟಿಜನ್ ಟೆಸ್ಟ್ (ಮಲದ ಪರೀಕ್ಷೆ) ಮಾಡಿಸಿ. ಅದಕ್ಕೆ ಎರಡು ವಾರ ಮೊದಲು ಪ್ಯಾಂಟೊಪ್ರಜೋಲ್ ಥರದ ‘ಗ್ಯಾಸ್ಟ್ರಿಕ್ ಮಾತ್ರೆ’ಯನ್ನು ಡಾಕ್ಟರನ್ನು ಕೇಳಿ ನಿಲ್ಲಿಸಬೇಕು, ಇಲ್ಲದಿದ್ದರೆ ಸೋಂಕಿದ್ದರೂ ನೆಗೆಟಿವ್ ಬರಬಹುದು. ರಕ್ತದ ಆಂಟಿಬಾಡಿ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು, ಬ್ಯಾಕ್ಟೀರಿಯಾ ಹೋದ ಮೇಲೂ ಅದು ಬಹಳ ಕಾಲ ಪಾಸಿಟಿವ್ ಆಗಿಯೇ ಇರುತ್ತದೆ. ಮೊದಲ ಸಲ ಹೋಗದಿದ್ದರೆ ಅದೇ ಮಾತ್ರೆಗಳನ್ನು ಮತ್ತೆ ಕೊಡುವುದಿಲ್ಲ, ಬೇರೆ ಜೋಡಣೆ ಕೊಡುತ್ತಾರೆ.

ಬಯಾಪ್ಸಿಯಲ್ಲಿ ಅಟ್ರೋಫಿ ಅಥವಾ ಮೆಟಾಪ್ಲೇಸಿಯಾ ಜಠರದ ತುಂಬ ಹರಡಿದೆ ಎಂದಿದ್ದರೆ, ಸೋಂಕು ಹೋದರೂ ಕೆಲವು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಬೇಕಾಗುತ್ತದೆ. ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ನಿಮ್ಮ ಗ್ಯಾಸ್ಟ್ರೋಎಂಟರಾಲಜಿಸ್ಟ್ ತೀರ್ಮಾನಿಸುತ್ತಾರೆ. ನಿಮಗೆ ಅಣ್ಣ-ತಮ್ಮ, ಅಕ್ಕ-ತಂಗಿ ಇದ್ದರೆ ಅವರೂ ಬ್ರೆತ್ ಟೆಸ್ಟ್ ಅಥವಾ ಸ್ಟೂಲ್ ಟೆಸ್ಟ್ ಮಾಡಿಸಿಕೊಳ್ಳಲಿ, ತಂದೆ ಅವರಿಗೂ ತಂದೆಯೇ ಅಲ್ಲವೇ. ಚಿಕ್ಕ ಮಕ್ಕಳಿಗೆ ತೊಂದರೆ ಏನೂ ಇಲ್ಲದಿದ್ದರೆ ಈಗಲೇ ಪರೀಕ್ಷೆ ಬೇಡ.