ತಮ್ಮ ವಾಪಸ್ ಬಂದರೆ ಅಮ್ಮನ ಮನೆ ಬಾಡಿಗೆ ಏರುತ್ತಾ?

ನೀವು ಕೇಳಿರುವುದು ಇಷ್ಟು: ಅಮ್ಮ ಅಮೆರಿಕದ ನ್ಯೂಜೆರ್ಸಿಯಲ್ಲಿ ಪಬ್ಲಿಕ್ ಹೌಸಿಂಗ್‌ನಲ್ಲಿ, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಬಾಡಿಗೆಗೆ ಕೊಡುವ ಮನೆಯಲ್ಲಿದ್ದಾರೆ. ಕೆಲಸ ಕಳೆದುಕೊಂಡ 26 ವರ್ಷದ ತಮ್ಮ ಅಲ್ಲಿಗೆ ಬರುತ್ತಿದ್ದಾನೆ. ಬಾಡಿಗೆ ಜಾಸ್ತಿ ಆಗುತ್ತಾ? ಆಫೀಸಿಗೆ ಹೇಳದೆ ಸುಮ್ನೆ ಇದ್ದುಬಿಟ್ಟರೆ?

ಇಂಥ ಮನೆಗಳನ್ನು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಗೆ ಹೌಸಿಂಗ್ ಅಥಾರಿಟಿ ಅನ್ನುತ್ತಾರೆ. ವಯಸ್ಸಾದವರಿಗೆ ಅದರ ವಾರ್ಷಿಕ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಇದೇ ಚಿಂತೆ ಹೊತ್ತು ಬರುವ ಅಮ್ಮಂದಿರು ಬಹಳ ಜನ.

ತಮ್ಮ ಬಂದ ಅಂತ ಬಾಡಿಗೆ ಏರುವುದಿಲ್ಲ. ಅವನಿಗೆ ಆದಾಯ ಇದ್ದರೆ ಏರುತ್ತದೆ. ಕೇಂದ್ರ ಸರ್ಕಾರದ ಯೋಜನೆಯ ಮನೆಗಳಲ್ಲಿ ಮನೆಮಂದಿಯ ಆದಾಯವನ್ನೆಲ್ಲ ಕೂಡಿಸಿ, ಕೆಲವು ವಿನಾಯಿತಿ ಕಳೆದು, ಉಳಿದದ್ದರ 30% ಬಾಡಿಗೆ ಹಾಕುತ್ತಾರೆ. ಸೆನೆಟರ್ ಎಡ್ವರ್ಡ್ ಬ್ರೂಕ್ 1969ರಲ್ಲಿ ವಸತಿ ಕಾನೂನಿಗೆ ತಂದ ತಿದ್ದುಪಡಿಯಲ್ಲಿ ಇದು 25% ಇತ್ತು. 1981ರಲ್ಲಿ 30%ಗೆ ಏರಿಸಿದರು. ಬಡವರ ಗಳಿಕೆಯೆಲ್ಲ ಬಾಡಿಗೆಗೇ ಹೋಗಬಾರದು ಅಂತ ಮಾಡಿದ ನಿಯಮ ಇದು.

ತೊಂದರೆ ಶುರುವಾಗುವುದು ತಮ್ಮನಿಗೆ ಕೆಲಸ ಸಿಕ್ಕಮೇಲೆ. ಅಮ್ಮನಿಗೆ ತಿಂಗಳಿಗೆ 1,100 ಡಾಲರ್ ಸೋಶಿಯಲ್ ಸೆಕ್ಯುರಿಟಿ (ಸರ್ಕಾರದ ಪಿಂಚಣಿ) ಬರುತ್ತೆ ಅಂದುಕೊಳ್ಳಿ. ವಿನಾಯಿತಿ ಬದಿಗಿಟ್ಟರೆ ಬಾಡಿಗೆ 330. ತಮ್ಮನ ಸಂಬಳ 2,000 ಸೇರಿದರೆ ಅದು 930 ಆಗುತ್ತದೆ. ಲೆಕ್ಕ ಹಿಡಿಯುವುದು ತೆರಿಗೆ ಕಳೆಯುವ ಮುಂಚಿನ ಸಂಬಳವನ್ನು, ಕೈಗೆ ಬಂದದ್ದನ್ನಲ್ಲ. ಈ 600 ಡಾಲರನ್ನು ತಮ್ಮನೇ ಕೊಡಬೇಕು ಅಂತ ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಅವನು ಕೊಡದಿದ್ದರೆ ಬಾಕಿ ಬೀಳುವುದು ಅಮ್ಮನ ಹೆಸರಿಗೆ. ಮಗನ ಹತ್ತಿರ ದುಡ್ಡು ಕೇಳಲು ಅಮ್ಮಂದಿರಿಗೆ ಬಾಯಿ ಬರುವುದಿಲ್ಲ, ಅಲ್ವಾ? ಹಾಗಾಗಿ ಈ ಮಾತು ನೀವೇ ಎತ್ತಿದರೆ ಒಳ್ಳೆಯದು. ನಿರುದ್ಯೋಗ ಭತ್ಯೆ ಬರುತ್ತಿದ್ದರೆ ಅದೂ ಆದಾಯವೇ.

ಅವನು ಫುಲ್‌ಟೈಮ್ ಕಾಲೇಜಿಗೆ ಸೇರಿದರೆ ಕಥೆ ಬೇರೆ. ಮನೆಯ ಮುಖ್ಯಸ್ಥರೋ ಅವರ ಗಂಡ ಹೆಂಡತಿಯೋ ಅಲ್ಲದ, ಪೂರ್ತಿ ಸಮಯ ಓದುವ ವಯಸ್ಕರ ದುಡಿಮೆಯಲ್ಲಿ ವರ್ಷಕ್ಕೆ ಒಂದು ಸಣ್ಣ ಮೊತ್ತವನ್ನಷ್ಟೇ ಎಣಿಸುತ್ತಾರೆ. ಬಹಳ ಕಾಲ ಅದು 480 ಡಾಲರ್ ಇತ್ತು. ಓದುತ್ತಾ ಅಂಗಡಿಯಲ್ಲಿ ಕೆಲಸ ಮಾಡಿದರೂ ಬಾಡಿಗೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಇದು ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಆದಾಯದ ಲೆಕ್ಕ ಬೇಡ ಅಂದರೆ ಫ್ಲ್ಯಾಟ್ ರೆಂಟ್ ಅಂತ ಒಂದಿದೆ, ಆದಾಯ ಎಷ್ಟಿದ್ದರೂ ಗೊತ್ತುಮಾಡಿದ ಒಂದೇ ಬಾಡಿಗೆ. ವರ್ಷಕ್ಕೊಮ್ಮೆ ಅದನ್ನು ಆರಿಸಿಕೊಳ್ಳಲು ಅವಕಾಶ ಕೊಡಬೇಕು. ಸಾಮಾನ್ಯವಾಗಿ ಆ ಪ್ರದೇಶದ ಮಾರುಕಟ್ಟೆ ಬಾಡಿಗೆ ಅಂತ ಸರ್ಕಾರ ಗೊತ್ತುಮಾಡಿದ್ದರ 80%ಗಿಂತ ಅದು ಕಡಿಮೆ ಇರುವುದಿಲ್ಲ. ನ್ಯೂಜೆರ್ಸಿಯ ದುಬಾರಿ ಊರುಗಳಲ್ಲಿ ಇದರಿಂದ ಉಪಯೋಗ ಕಡಿಮೆ. ಆದರೂ ಎಷ್ಟು ಅಂತ ಕೇಳಿಡಿ.

ಇನ್ನು ಹೇಳದೆ ಇರುವ ಮಾತು. ದಯವಿಟ್ಟು ಬೇಡ. ನೆಂಟರಾಗಿ ಎಷ್ಟು ದಿನ ಇರಬಹುದು ಅಂತ ಲೀಸ್‌ನಲ್ಲೇ ಬರೆದಿರುತ್ತಾರೆ. ಅದಕ್ಕಿಂತ ಹೆಚ್ಚು ಇರಬೇಕಾದರೆ ಹೌಸಿಂಗ್ ಅಥಾರಿಟಿಯ ಒಪ್ಪಿಗೆ ಬೇಕು. ಅವರು ತಮ್ಮನ ಹಿನ್ನೆಲೆಯನ್ನೂ ನೋಡುತ್ತಾರೆ. ಗುಟ್ಟಾಗಿ ಇದ್ದದ್ದು ಬಯಲಾದರೆ ಹಳೆಯ ಬಾಡಿಗೆ ವ್ಯತ್ಯಾಸ ಕೇಳಬಹುದು, ಲೀಸನ್ನೇ ರದ್ದು ಮಾಡಬಹುದು. ಅಮ್ಮ ಈ ವಯಸ್ಸಿನಲ್ಲಿ ಮತ್ತೆ ವೇಯ್ಟಿಂಗ್ ಲಿಸ್ಟ್‌ನ ಕೊನೆಗೆ ನಿಲ್ಲಬೇಕಾಗುತ್ತದೆ. ಇಷ್ಟೇ ಅಲ್ಲ, ನಾಳೆ ಅಮ್ಮನಿಗೆ ಏನಾದರೂ ಆದರೆ, ಲೀಸ್‌ನಲ್ಲಿ ಹೆಸರಿಲ್ಲದ ಮಗನಿಗೆ ಆ ಮನೆಯಲ್ಲಿ ಉಳಿಯುವ ಹಕ್ಕಿರುವುದಿಲ್ಲ.

ಮಗ ದುಡಿಯಲು ಶುರುಮಾಡಿದ ಮೇಲೆ ಬಾಡಿಗೆ ಹೀಗೆ ಜಿಗಿಯುವುದು ನನಗೆ ಸರಿ ಕಾಣುವುದಿಲ್ಲ. ನಾಲ್ಕು ಕಾಸು ಕೂಡಿಸಿ ಬೇರೆ ಮನೆ ಮಾಡಲು ಅವನಿಗೆ ಒಂದಷ್ಟು ಸಮಯ ಕೊಡಬೇಕಿತ್ತು.

ಅವನು ಬರುವ ಮುಂಚೆಯೇ ಅಮ್ಮನಿಂದ ಒಂದು ಪತ್ರ ಕೊಡಿಸಿ, ಅದರ ನಕಲಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹೊಸ ಕೆಲಸ ಸಿಕ್ಕರೆ ಎಷ್ಟು ದಿನದೊಳಗೆ ತಿಳಿಸಬೇಕು, ಬಾಡಿಗೆ ಆಗಲೇ ಏರುತ್ತೋ ಮುಂದಿನ ವಾರ್ಷಿಕ ಪರಿಶೀಲನೆಯಲ್ಲೋ ಅಂತ ಬರವಣಿಗೆಯಲ್ಲೇ ಕೇಳಿ. ಇದು ಒಂದೊಂದು ಅಥಾರಿಟಿಯಲ್ಲಿ ಒಂದೊಂದು ಥರ ಇರುತ್ತದೆ.