ನ್ಯೂ ಜೆರ್ಸಿಯಲ್ಲಿ ಆಫೀಸಿನ ಉಡುಪು: ಹಿತಮಿತದ ಖರ್ಚಿನಲ್ಲಿ ಎಲ್ಲಿ ಕೊಳ್ಳಬೇಕು

ನಮಸ್ಕಾರ. ನ್ಯೂ ಜೆರ್ಸಿಯ ಎಡಿಸನ್ನಿಗೆ ಬಂದು ಇನ್ನೂ ತಿಂಗಳಾಗಿಲ್ಲ, ಮುಂದಿನ ತಿಂಗಳು ವಿಮಾ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಬೇಕು, ಮೊದಲ ಸಂಬಳ ಕೈಸೇರುವವರೆಗೆ ಬಟ್ಟೆಗೆ ಹೆಚ್ಚು ಹಣ ಹಾಕಲು ಆಗುವುದಿಲ್ಲ, ಹಾಗಾಗಿ ಆಫೀಸಿಗೆ ಒಪ್ಪುವ ಉಡುಪು ಎಲ್ಲಿ ಅಗ್ಗವಾಗಿ ಸಿಗುತ್ತದೆ ಎಂದು ಕೇಳಿದ್ದೀರಿ. ಇದೇ ರಾಜ್ಯದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿರುವ ನಾನು ಎಲ್ಲಕ್ಕಿಂತ ಮೊದಲು ಹೇಳುವುದು, ಸೇರುವ ಮುನ್ನವೇ ವಾರದ ಐದೂ ದಿನಕ್ಕೆ ಬಟ್ಟೆ ಕೊಳ್ಳಬೇಡಿ. ‘ಬಿಸಿನೆಸ್ ಕ್ಯಾಶುಯಲ್’, ಅಂದರೆ ಪೂರ್ತಿ ಸೂಟು ಬೇಡ ಆದರೆ ಅಚ್ಚುಕಟ್ಟಾದ ಉಡುಪಿರಲಿ, ಎಂದು ಬಹಳಷ್ಟು ಕಂಪನಿಗಳು ಬರೆಯುತ್ತವೆ, ಆದರೆ ಒಂದು ಕಡೆ ಅದರಲ್ಲಿ ಜೀನ್ಸ್ ಕೂಡ ಸೇರಿರುತ್ತದೆ, ಇನ್ನೊಂದು ಕಡೆ ಬ್ಲೇಜರ್ ಇಲ್ಲದೆ ಯಾರೂ ಮೀಟಿಂಗಿಗೆ ಬರುವುದಿಲ್ಲ. ಎಚ್.ಆರ್. ವಿಭಾಗಕ್ಕೆ ಬರೆದು ಕೇಳಿ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಕಪ್ಪು ಮತ್ತು ಕಡುನೀಲಿ ಬಣ್ಣದ ಎರಡು ಪ್ಯಾಂಟು, ಮೂರು ನಾಲ್ಕು ಟಾಪು, ಎರಡೂ ಪ್ಯಾಂಟುಗಳಿಗೆ ಹೊಂದುವ ಒಂದು ಬ್ಲೇಜರ್ ಇದ್ದರೆ ಆರಂಭದ ದಿನಗಳು ನಿರಾತಂಕವಾಗಿ ಕಳೆಯುತ್ತವೆ. ಉಳಿದದ್ದನ್ನು ಸಹೋದ್ಯೋಗಿಗಳು ಏನು ಧರಿಸುತ್ತಾರೆಂದು ನೋಡಿಕೊಂಡು ಆಮೇಲೆ ಕೊಳ್ಳಬಹುದು.

ನೀವು ನೆಲೆಸಿರುವ ರಾಜ್ಯದಲ್ಲಿ ಒಂದು ಅನುಕೂಲವಿದೆ. ಅಮೆರಿಕದಲ್ಲಿ ಬಟ್ಟೆಯ ಮೇಲೆ ಅಂಟಿಸಿದ ಬೆಲೆಗೆ ಬಿಲ್ ಮಾಡುವಾಗ ಮಾರಾಟ ತೆರಿಗೆ ಸೇರುವುದು ರೂಢಿ. ನ್ಯೂ ಜೆರ್ಸಿಯಲ್ಲಿ ಅದು ಶೇ. 6.625. ಆದರೆ ಇಲ್ಲಿ ದಿನಬಳಕೆಯ ಉಡುಪಿಗೂ ಪಾದರಕ್ಷೆಗೂ ಆ ತೆರಿಗೆ ಇಲ್ಲ. ಆದರೆ ಕೈಚೀಲ, ಆಭರಣಗಳಂಥವಕ್ಕೆ ಉಂಟು. ನ್ಯೂಯಾರ್ಕ್ ನಗರದಲ್ಲಿ 110 ಡಾಲರಿಗಿಂತ ಕಡಿಮೆ ಬೆಲೆಯ ಉಡುಪಿಗಷ್ಟೇ ಈ ವಿನಾಯಿತಿ ಇರುವುದರಿಂದ, ಬ್ಲೇಜರ್, ಚಳಿಗಾಲದ ಕೋಟಿನಂಥ ದುಬಾರಿ ವಸ್ತುಗಳನ್ನು ಹಡ್ಸನ್ ನದಿಯ ಈಚೆಗೆ, ನ್ಯೂ ಜೆರ್ಸಿಯಲ್ಲೇ ಕೊಳ್ಳುವುದು ಲಾಭ.

ಇನ್ನು ಅಂಗಡಿಗಳ ವಿಷಯ. ಆಫೀಸಿನ ಉಡುಪಿಗೆಂದೇ ಹೆಸರಾದ ಆನ್ ಟೇಲರ್, ಲಾಫ್ಟ್, ಬನಾನಾ ರಿಪಬ್ಲಿಕ್‌ಗಳಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಅಗತ್ಯ ಬಹಳ ಕಡಿಮೆ, ಏಕೆಂದರೆ ಅಲ್ಲಿ ರಿಯಾಯಿತಿ ಮೇಲಿಂದ ಮೇಲೆ ಬರುತ್ತಲೇ ಇರುತ್ತದೆ. ಇಂದು ಇಲ್ಲದಿದ್ದರೆ ಒಂದೆರಡು ವಾರ ಕಾಯಿರಿ. ಬ್ರ್ಯಾಂಡಿನ ಬಟ್ಟೆಯನ್ನು ಅಗ್ಗವಾಗಿ ಮಾರುವ ಟಿ.ಜೆ. ಮ್ಯಾಕ್ಸ್, ಮಾರ್ಷಲ್ಸ್, ನಾರ್ಡ್‌ಸ್ಟ್ರಾಮ್ ರ‍್ಯಾಕ್‌ಗಳಲ್ಲಿ ಬೆಲೆ ಇನ್ನೂ ಕಡಿಮೆ, ಆದರೆ ಇಂದು ಕಂಡ ಬಟ್ಟೆ ನಾಳೆ ಇರುವುದಿಲ್ಲ, ನಿಮ್ಮ ಅಳತೆಯೂ ಸಿಗಬೇಕು. ಹಾಗಾಗಿ ಬಿಡುವಿರುವ ದಿನ ಹೋಗಿ ನಿಧಾನವಾಗಿ ಹುಡುಕಬೇಕು. ಎಲಿಜಬೆತ್ ಪಟ್ಟಣದ ಜೆರ್ಸಿ ಗಾರ್ಡನ್ಸ್ ಮಾಲ್‌ನಲ್ಲಿ ಹಲವು ಬ್ರ್ಯಾಂಡುಗಳ ಔಟ್‌ಲೆಟ್ (ಕಡಿಮೆ ದರದ) ಮಳಿಗೆಗಳು ಒಂದೇ ಸೂರಿನಡಿ ಇವೆ. ಆದರೆ ಔಟ್‌ಲೆಟ್‌ನಲ್ಲಿ ಸಿಗುವುದೆಲ್ಲ ದೊಡ್ಡ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಮಾಲು ಎಂದು ಭಾವಿಸಬೇಡಿ. ಬಹಳಷ್ಟನ್ನು ಔಟ್‌ಲೆಟ್‌ಗೆಂದೇ ತೆಳುವಾದ ಬಟ್ಟೆಯಲ್ಲಿ, ಒಳಗೆ ಲೈನಿಂಗ್ ಇಲ್ಲದೆ ಹೊಲಿಸಿರುತ್ತಾರೆ. ಚೀಟಿಯ ಮೇಲೆ ಗೀಟು ಹಾಕಿದ ದೊಡ್ಡ ಬೆಲೆಯನ್ನು ಬಿಟ್ಟು ಹೊಲಿಗೆಯನ್ನು ನೋಡಿ. ಪ್ಯಾರಾಮಸ್‌ನ ಮಾಲ್‌ಗಳೂ ಹೆಸರುವಾಸಿಯೇ, ಆದರೆ ಆ ಊರಿರುವ ಬರ್ಗನ್ ಕೌಂಟಿಯಲ್ಲಿ ಭಾನುವಾರ ಬಟ್ಟೆ ಮಾರುವುದನ್ನು ಕಾನೂನು ನಿರ್ಬಂಧಿಸುತ್ತದೆ. ಅಲ್ಲಿಗೆ ಹೋಗುವುದಾದರೆ ಶನಿವಾರವೇ ಹೊರಡಿ.

ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸದಾಗಿ ಬಂದ ನಮ್ಮ ಹೆಣ್ಣುಮಕ್ಕಳ ಹಣ ಹೆಚ್ಚು ಪೋಲಾಗುವುದು ಇಲ್ಲಿಯೇ. ಇಲ್ಲಿನ ಅಳತೆಗಳು 0, 2, 4, 6 ಎಂದು ಸರಿಸಂಖ್ಯೆಗಳಲ್ಲಿ ಹೋಗುತ್ತವೆ, ಅವು ಇಂಚೂ ಅಲ್ಲ, ಸೆಂಟಿಮೀಟರೂ ಅಲ್ಲ, ಒಂದು ಬ್ರ್ಯಾಂಡಿನ 6 ಇನ್ನೊಂದರಲ್ಲಿ 4 ಆಗಿರಬಹುದು. ನಿಮ್ಮ ಎತ್ತರ 5 ಅಡಿ 4 ಇಂಚು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ‘ಪೆಟೀಟ್’ ವಿಭಾಗಕ್ಕೆ ಹೋಗಿ. ಅದು ತೆಳ್ಳಗಿರುವವರ ವಿಭಾಗವಲ್ಲ. ಅಲ್ಲಿ ಭುಜದ ಅಗಲ, ತೋಳಿನ ಉದ್ದ, ಮೊಣಕಾಲು ಬರುವ ಜಾಗ ಎಲ್ಲವೂ ಕುಳ್ಳಗಿರುವವರಿಗೆ ಹೊಂದುವಂತೆ ಇರುತ್ತವೆ. ಪ್ಯಾಂಟಿನ ಉದ್ದವನ್ನು ಡ್ರೈಕ್ಲೀನಿಂಗ್ ಅಂಗಡಿಗಳಲ್ಲಿಯೇ ಕತ್ತರಿಸಿ ಹೊಲಿದುಕೊಡುತ್ತಾರೆ, ಆದರೆ ಬ್ಲೇಜರಿನ ಭುಜ ಜಾರುತ್ತಿದ್ದರೆ ಅದನ್ನು ಸರಿಪಡಿಸುವ ಕೂಲಿ ಬ್ಲೇಜರಿನ ಬೆಲೆಗೇ ಸಮನಾಗಬಹುದು. ಭುಜ ಸರಿಯಾಗಿ ಕೂರದ ಬ್ಲೇಜರನ್ನು ಎಷ್ಟೇ ಅಗ್ಗವಿದ್ದರೂ ಬಿಟ್ಟುಬಿಡಿ.

ಒಗೆಯುವ ವಿಧಾನವನ್ನೂ ನಾರಿನ ಪ್ರಮಾಣವನ್ನೂ ಬಟ್ಟೆಯ ಮೇಲೆ ನಮೂದಿಸಲೇಬೇಕೆಂದು ಇಲ್ಲಿ ಕಾನೂನಿದೆ. ಒಳಗಿನ ಆ ಚೀಟಿಯನ್ನು ಓದದೆ ಏನನ್ನೂ ಕೊಳ್ಳಬೇಡಿ. ‘ಡ್ರೈಕ್ಲೀನ್ ಓನ್ಲಿ’ ಎಂದಿರುವ ಟಾಪು ಇಂದು ಅಗ್ಗವಾಗಿ ಕಂಡರೂ, ಕೆಲವೇ ತಿಂಗಳಲ್ಲಿ ಒಗೆತದ ಖರ್ಚು ಅದರ ಬೆಲೆಯನ್ನು ಮೀರುತ್ತದೆ. ಪ್ಯಾಂಟು, ಟಾಪುಗಳು ಯಂತ್ರದಲ್ಲಿ ಒಗೆಯುವಂಥವೇ ಇರಲಿ.

ಬಳಸಿದ ಬಟ್ಟೆ ಎಂದರೆ ಹಿಂಜರಿಯಬೇಡಿ. ಬ್ಲೇಜರನ್ನು ಜನ ಒಂದೆರಡು ಸಲ ತೊಟ್ಟು ಬಿಟ್ಟಿರುತ್ತಾರೆ, ಹಾಗಾಗಿ ಗುಡ್‌ವಿಲ್ ಅಂಗಡಿಗಳಲ್ಲಿಯೂ ಆನ್‌ಲೈನಿನ ಥ್ರೆಡಪ್, ಪಾಶ್‌ಮಾರ್ಕ್‌ಗಳಲ್ಲಿಯೂ ಒಳ್ಳೆಯ ಬ್ರ್ಯಾಂಡಿನವು ಹೊಸದರ ಒಂದು ಪಾಲು ಬೆಲೆಗೆ ದೊರೆಯುತ್ತವೆ. ಪಾಶ್‌ಮಾರ್ಕ್‌ನಲ್ಲಿ ಅಳತೆ ಹೊಂದಲಿಲ್ಲವೆಂಬ ಕಾರಣಕ್ಕೆ ಹಿಂದಿರುಗಿಸಲು ಬರುವುದಿಲ್ಲ. ಆ ಬ್ರ್ಯಾಂಡಿನ ಬಟ್ಟೆಯನ್ನು ಮೊದಲು ಅಂಗಡಿಯಲ್ಲಿ ತೊಟ್ಟುನೋಡಿ, ನಿಮ್ಮ ಅಳತೆ ಖಚಿತಪಡಿಸಿಕೊಂಡ ಮೇಲೆ ತರಿಸಿಕೊಳ್ಳಿ.

ನಿಮ್ಮ ಜೊತೆಗಿರುವ ಗೆಳತಿ ಇನ್ನೂ ಕೆಲಸ ಹುಡುಕುತ್ತಿದ್ದಾರೆಂದು ಬರೆದಿದ್ದೀರಿ. ಅವರಿಗೆ ‘ಡ್ರೆಸ್ ಫಾರ್ ಸಕ್ಸೆಸ್’ ಎಂಬ ಸಂಸ್ಥೆಯ ಬಗ್ಗೆ ತಿಳಿಸಿ. 1997ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಈ ಸಂಸ್ಥೆ, ಸಂದರ್ಶನಕ್ಕೆ ಹೋಗುವ ಮಹಿಳೆಯರಿಗೆ ಉಡುಪನ್ನು ಉಚಿತವಾಗಿ ಕೊಡುತ್ತದೆ. ಸಾಮಾನ್ಯವಾಗಿ ಉದ್ಯೋಗ ಕೇಂದ್ರ ಅಥವಾ ಬೇರೊಂದು ಸೇವಾಸಂಸ್ಥೆಯ ಶಿಫಾರಸಿನ ಮೂಲಕ ಅಲ್ಲಿಗೆ ಹೋಗಬೇಕಾಗುತ್ತದೆ, ಆದ್ದರಿಂದ ಸಂದರ್ಶನದ ದಿನ ಗೊತ್ತಾದ ಕೂಡಲೇ ವಿಚಾರಿಸಲು ಹೇಳಿ.